ಅಕ್ಕಯ್ಯನ ಹುಣಸೆ ಬೀಜ

೧೯೮೭ ಮಾರ್ಚ್ ೧೫, ಭಾನುವಾರ. ಈ ಪತ್ರಿಕೆಗಾಗಿ ಬರೆಯಲು ಕೂತಾಗ ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ.

ಹಿತ್ತಲಲ್ಲಿ ಅಮ್ಮ ಹೊಸ ಹುಣಸೆಹಣ್ಣು ಜಜ್ಜುತ್ತಿದ್ದಾಳೆ. ನಿನ್ನೆ ಸಾಯಂಕಾಲದಿಂದ ಮನೆಯಲ್ಲಿ ಇದೇ ಸದ್ದು, ಇದೇ ಹುಳಿ ವಾಸನೆ. ಸ್ವಲ್ಪ ಹೊತ್ತಿನ ಕೆಳಗೆ ಒಂದು ಬೀಜ ಸಿಡಿದು ಬಾಗಿಲು ದಾಟಿ ನನ್ನ ಕಾಲ ಬಳಿ ಬಂದು ಬಿತ್ತು. ಕೈಗೆ ತೆಗೆದುಕೊಂಡು ಸೀರೆಯ ಸೆರಗಿಗೆ ಉಜ್ಜಿದೆ, ಮಿಂಚಿತು. ಬಿಸಾಡಲು ಮನಸ್ಸಾಗಲಿಲ್ಲ. ಟ್ರಂಕಿನಿಂದ ಹಳೆಯ ಡೈರಿಗಳನ್ನೂ ಅವುಗಳ ಜೊತೆಗಿದ್ದ ಒಂದು ಅಲ್ಯುಮಿನಿಯಂ ಮುಚ್ಚಳವನ್ನೂ ಹೊರಗೆ ತೆಗೆದೆ. ಟಿಫಿನ್ ಡಬ್ಬಿಯೊಂದರ ಮುಚ್ಚಳ ಅದು. ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ...

ಮುಚ್ಚಳ ನನ್ನದಲ್ಲ, ಅಕ್ಕಯ್ಯನದು.

ಅವರಿಗೆ ಒಂದು ಹೆಸರಿತ್ತು, ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮುಳಬಾಗಿಲಿನ ಕಡೆಯವರು, ಮನೆಮಾತು ತೆಲುಗು. ನಮ್ಮ ಕೆಲಸದ ಜಾಗದಲ್ಲಿ ಚಿಟ್ಟೆ ಅರೆಯುವ ಹೆಂಗಸರಿಂದ ಹಿಡಿದು ಮೇನೇಜರವರೆಗೆ ಎಲ್ಲರಿಗೂ ಅವರು ಅಕ್ಕಯ್ಯ. ನಾನು ಪಿ.ಯು.ಸಿ. ಮುಗಿಸಿ ೧೯೭೯ ಜೂನ್ ೪ರಂದು ಕೋಲಾರದ ಹೊರಗಿದ್ದ ಒಂದು ಖಾಸಗಿ ಗ್ರೈನೇಜಿಗೆ ಕೆಲಸಕ್ಕೆ ಸೇರಿದಾಗ ಅವರು ಅಲ್ಲಿ ಹದಿಮೂರು ವರ್ಷ ಪೂರೈಸಿದ್ದರು. ನನಗೆ ಆಗ ಹತ್ತೊಂಬತ್ತು.

ಗ್ರೈನೇಜು ಎಂದರೆ ರೇಷ್ಮೆ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಜಾಗ. ಗೂಡಿನಿಂದ ಹೊರಬಂದ ತಾಯಿ ಚಿಟ್ಟೆ ಕಾಗದದ ಹಾಳೆಯ ಮೇಲೆ ಮೊಟ್ಟೆ ಇಡುತ್ತದೆ. ಒಂದು ಹಾಳೆಗೆ ಇಪ್ಪತ್ತು ಚಿಟ್ಟೆ, ಇಪ್ಪತ್ತು ದುಂಡು ಗುರುತು. ಒಂದು ದುಂಡಿನಲ್ಲಿ ನೂರಾರು ಮೊಟ್ಟೆಗಳಿದ್ದರೂ ಕೊಡುವ ಲೆಕ್ಕದಲ್ಲಿ ಅದು ಒಂದೇ "ಮೊಟ್ಟೆ." ಮೊಟ್ಟೆ ಇಟ್ಟ ಮೇಲೆ ಒಂದೊಂದು ಚಿಟ್ಟೆಯನ್ನೂ ಪುಟ್ಟ ಪಿಂಗಾಣಿ ಬಟ್ಟಲಿನಲ್ಲಿ ಅರೆದು, ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ತಾಯಿಗೆ ಗಂಟುರೋಗವಿದ್ದರೆ ಮೊಟ್ಟೆಗೂ ಬರುತ್ತದೆ. ಅಂಥ ಒಂದು ಚಿಟ್ಟೆಯ ಮೊಟ್ಟೆ ಮನೆ ಹೊಕ್ಕರೆ ಸಾಕು, ಆ ಮನೆಯ ತಟ್ಟೆ ತಟ್ಟೆಯ ಹುಳುವೂ ಹೋದಂತೆಯೇ. ರೋಗ ಕಂಡರೆ ಹಾಳೆಯಲ್ಲಿ ಆ ಚಿಟ್ಟೆಯ ದುಂಡನ್ನು ಕತ್ತರಿಸಿ ಸುಡುತ್ತಿದ್ದೆವು. ಅರೆದ ಬಟ್ಟಲನ್ನು ಕೂಡಲೇ ತೊಳೆದುಬಿಡುವುದರಿಂದ ಅದೇ ಚಿಟ್ಟೆಯನ್ನು ಮರುದಿನ ಇನ್ನೊಮ್ಮೆ ನೋಡುತ್ತೇನೆಂದರೆ ಆಗುತ್ತಿರಲಿಲ್ಲ. ನೋಡುವ ಅವಕಾಶ ಒಂದೇ ಸಲ.

ಮೊದಲ ದಿನ ಅಕ್ಕಯ್ಯ ರೋಗವಿದ್ದ ಹನಿಯೊಂದನ್ನು ತೋರಿಸಿದರು.

"ನೋಡು. ನುಚ್ಚಕ್ಕಿಗೆ ಎಣ್ಣೆ ಹಚ್ಚಿಟ್ಟಂಗೆ ಮಿಂಚ್ತಾವೆ ಅಲ್ವಾ? ಅವೇ. ಒಂದು ಹನೀಲಿ ಐದು ಕಡೆ ನೋಡ್ಬೇಕು. ಒಂದೊಂದು ಕಡೇನೂ ಮನಸ್ಸಲ್ಲೇ ಹತ್ತು ಎಣಿಸು, ಆಮೇಲೆ ಮುಂದಕ್ಕೆ ಹೋಗು."

ನಾನು ಪುಸ್ತಕ ತೆಗೆದು ಬರೆದುಕೊಂಡೆ: ಐದು ಕಡೆ, ಹತ್ತು ಹತ್ತು. ಅವರು ಬಗ್ಗಿ ನೋಡಿ ನಕ್ಕರು. ಬರೆದ ಗಂಟೆ, ನಿಮಿಷವೂ ಅಲ್ಲಿತ್ತು. ಅಂದಿನಿಂದ ನಾನು ಅವರಿಗೆ "ಲೆಕ್ಕದಮ್ಮ."

ಅವರ ಕೆಲಸದ ರೀತಿ ನೋಡಿ ಮೊದಮೊದಲು ನನಗೆ ಆಶ್ಚರ್ಯವಾಗುತ್ತಿತ್ತು. ಮೈಕ್ರೋಸ್ಕೋಪಿನ ಎಡಕ್ಕೆ ಒಂದು ಹಿಡಿ ಹುಣಸೆ ಬೀಜ, ಬಲಕ್ಕೆ ಈ ಖಾಲಿ ಮುಚ್ಚಳ. ನೋಡುತ್ತಿರುವಾಗ ಮನಸ್ಸು ಬೇರೆಲ್ಲೋ ಹೋಯಿತೆಂದು ಅನ್ನಿಸಿದ ಕೂಡಲೇ ಒಂದು ಬೀಜವನ್ನು ಮುಚ್ಚಳಕ್ಕೆ ಹಾಕಿ, ಆ ಹನಿಯನ್ನು ಮೊದಲಿಂದ ಮತ್ತೆ ನೋಡುವರು. ಸಾಯಂಕಾಲ ಬೀಜ ಎಣಿಸಿ ಎಲ್ಲರಿಗೂ ಕೇಳುವ ಹಾಗೆ ಹೇಳುವರು: "ಇವತ್ತು ಏಳು ಸಲ ಕಳ್ದೋಗಿದ್ದೆ. ಮೂರು ಸಲ ಮಗಳ ಮನೇಗೆ, ನಾಲ್ಕು ಸಲ ಊಟಕ್ಕೆ."

ಇಪ್ಪತ್ತು ಚಿಟ್ಟೆ, ಅಂದರೆ ಒಂದು ಹಾಳೆ ಮುಗಿದರೆ ಏಳುವರು. ಪಂಪಿನ ಹತ್ತಿರ ಮುಖ ತೊಳೆದು, ಹೊಂಗೆ ಮರದ ಕೆಳಗೆ ನಿಂತು ಎದುರಿನ ಬೆಟ್ಟದ ಬಂಡೆಗಳನ್ನು ಸ್ವಲ್ಪ ಹೊತ್ತು ನೋಡಿ ಬರುವರು. ಮೇನೇಜರು ಒಮ್ಮೆ ತಡೆಯಲಾರದೆ ಕೇಳಿದರು: "ಹಾಳೆಗೊಂದು ಸಲ ಎದ್ದೋದ್ರೆ ಹೆಂಗೆ ಅಕ್ಕಯ್ಯಾ?"

"ಮುಳಬಾಗಿಲು ಬಸ್ಸು ಕೂಡಾ ಊರೂರಿಗೂ ನಿಂತೇ ಬರುತ್ತೆ ಸಾರ್. ಆದ್ರೂ ನಾನು ದಿನಾ ಟೈಮಿಗೆ ಬಂದಿದೀನಿ."

ಮೇನೇಜರು ಕೆಟ್ಟವರಲ್ಲ. ಅವರ ಮೇಲೂ ಒತ್ತಡವಿತ್ತು. ಮೊಟ್ಟೆ ಇಟ್ಟ ಹತ್ತನೆಯ ದಿನಕ್ಕೆ ಮರಿ ಒಡೆಯುತ್ತದೆ, ಅದಕ್ಕೆ ಮುಂಚೆ ನೋಡಿ, ತೊಳೆದು, ಒಣಗಿಸಿ ರೈತರ ಕೈಗೆ ಕೊಡಬೇಕು. ಒಂದು ದಿನ ಅವರನ್ನು ನೋಡಲು ಯಾರೋ ದೊಡ್ಡ ಅತಿಥಿಗಳು ಬಂದರು. ನಾವೆಲ್ಲ ಒಗೆದ ಸೀರೆ ಉಟ್ಟು ನೆಟ್ಟಗೆ ಕೂತಿದ್ದೆವು. ಅಕ್ಕಯ್ಯನದು ಮಾತ್ರ ಚಿಟ್ಟೆಯ ಹುಡಿ ಹತ್ತಿದ ದಿನದ ಸೀರೆ. ದಿನಕ್ಕೆ ಎಷ್ಟು ನೋಡುತ್ತೀರಿ ಎಂದು ಅತಿಥಿಗಳು ಕೇಳಿದರು. "ಮುನ್ನೂರೈವತ್ತರ ಮೇಲೇನೇ ಸಾರ್" ಎಂದು ಮೇನೇಜರು ಹೇಳುತ್ತಿರುವಾಗಲೇ ಅಕ್ಕಯ್ಯ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಹೇಳಿದರು: "ನಂದು ಇನ್ನೂರ ಅರವತ್ತು, ಎಪ್ಪತ್ತು. ಅದ್ರಲ್ಲಿ ಎಂಟೊಂಬತ್ತು ಎರಡೆರಡು ಸಲ." ಅತಿಥಿಗಳು ಹೋದ ಮೇಲೆ ಮೇನೇಜರು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಅಕ್ಕಯ್ಯ ಮಾತ್ರ ಎರಡು ದಿನವೂ ಎಂದಿನಂತೆ "ನಮಸ್ಕಾರ ಸಾರ್, ತಿಂಡಿ ಆಯ್ತಾ?" ಎಂದು ಕೇಳುತ್ತಿದ್ದರು.

ನನಗೆ ಅಷ್ಟು ಧೈರ್ಯವಿರಲಿಲ್ಲ. ನನ್ನ ಜೊತೆಗೆ ಹುತ್ತೂರಿನ ಹುಡುಗಿಯೊಬ್ಬಳು ಸೇರಿದ್ದಳು. ಇಬ್ಬರನ್ನೂ ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡಿದ್ದರು, ಆಗಸ್ಟ್ ಕೊನೆಗೆ ಒಬ್ಬಳನ್ನು ಉಳಿಸಿಕೊಳ್ಳುವುದೆಂದು ಮೊದಲೇ ಹೇಳಿದ್ದರು. ಜುಲೈಯಲ್ಲಿ ಮೇನೇಜರು ಗೋಡೆಗೆ ಕಪ್ಪು ಹಲಗೆ ತೂಗುಹಾಕಿ, ದಿನಾ ಸಾಯಂಕಾಲ ಯಾರು ಎಷ್ಟು ನೋಡಿದರೆಂದು ಬರೆಯತೊಡಗಿದರು. ಮನೆಯಲ್ಲಿ ತಮ್ಮನ ಓದು ನನ್ನ ಸಂಬಳದ ಮೇಲೆ ನಿಂತಿತ್ತು. ನನ್ನ ಡೈರಿಯಲ್ಲಿ ಆ ತಿಂಗಳ ಪುಟಗಳ ತುಂಬ ಬರೀ ಸಂಖ್ಯೆ. ೨೮೫. ೩೦೨. ಹುತ್ತೂರು ೩೧೦. ೩೧೮. ಹುತ್ತೂರು ೩೨೫. ರಾತ್ರಿ ಊಟ ಸೇರದು. ಕಣ್ಣು ಮುಚ್ಚಿದರೆ ದುಂಡನೆಯ ಬಿಳಿ ಬೆಳಕು, ಅದರಲ್ಲಿ ತೇಲುವ ಚುಕ್ಕೆಗಳು. ಅಕ್ಕಯ್ಯ ಹೊಂಗೆ ಮರದ ಕೆಳಗಿನಿಂದ ಕರೆಯುವರು, "ಬಾರೇ ಲೆಕ್ಕದಮ್ಮಾ, ಬೆಟ್ಟದ ಮೇಲೆ ಬಂಡೆ ಎಷ್ಟಿವೆ ಎಣಿಸ್ಕೊಡು." ನಾನು ತಲೆ ಎತ್ತುತ್ತಿರಲಿಲ್ಲ.

೧೯೭೯ ಆಗಸ್ಟ್ ೨೨, ಬುಧವಾರ. ಆ ದಿನ ನಾನು ಬರಾಬರಿ ನಾನೂರು ಚಿಟ್ಟೆ ನೋಡಿದೆ.

ಹಲಗೆಯ ಮೇಲೆ ಮೇನೇಜರು ೪೦೦ ಎಂದು ಬರೆದು ಅದರ ಸುತ್ತ ಒಂದು ಸುತ್ತು ಎಳೆದರು. ಹುತ್ತೂರಿನವಳದು ೩೨೦, ಅಕ್ಕಯ್ಯನದು ೨೬೪. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕಯ್ಯನೂ ತಟ್ಟಿದರು. ನಾನು ಓಡಿ ಹೋಗಿ ನಮ್ಮೂರು ಕ್ಯಾಲನೂರಿನ ಬಸ್ಸು ಹಿಡಿದೆ. ಸೀಟು ಸಿಕ್ಕಿದ ಮೇಲೆ ಪದ್ಧತಿಯಂತೆ ಡೈರಿ ತೆಗೆದೆ. ಪ್ರತಿ ಹಾಳೆ ಮುಗಿದಾಗ ಗಂಟೆ ಗುರುತು ಹಾಕುವುದು ನನ್ನ ಅಭ್ಯಾಸ. ಹದಿನೈದನೆಯ ಹಾಳೆ ಮುಗಿದದ್ದು ನಾಲ್ಕು ಹತ್ತಕ್ಕೆ, ಇಪ್ಪತ್ತನೆಯದು ಐದು ಇಪ್ಪತ್ತಕ್ಕೆ. ಎಪ್ಪತ್ತು ನಿಮಿಷಕ್ಕೆ ನೂರು ಚಿಟ್ಟೆ. ಭಾಗಿಸಿದೆ: ಒಂದಕ್ಕೆ ನಲವತ್ತೆರಡು ಸೆಕೆಂಡು.

ಐದು ಕಡೆ, ಹತ್ತು ಹತ್ತು. ಗಾಜು ಬದಲಿಸುವುದನ್ನು ಬಿಟ್ಟರೂ ಐವತ್ತು ಆಗಬೇಕು.

ಮತ್ತೆ ಭಾಗಿಸಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆಗ ಒಂದೊಂದೇ ನೆನಪಾಯಿತು... ಕೊನೆಕೊನೆಗೆ ಎರಡು ಕಡೆ ನೋಡಿ ಗಾಜು ಎಳೆದದ್ದು, ಕೆಲವಕ್ಕೆ ಕಣ್ಣಿಟ್ಟುಕೊಂಡೇ ಹಲಗೆಯ ಮೇಲಿನ ಸಂಖ್ಯೆ ಯೋಚಿಸಿದ್ದು, ಆ ನೂರಕ್ಕೂ ಸಾಲಾಗಿ "ಇಲ್ಲ, ಇಲ್ಲ" ಎಂದು ಬರೆದದ್ದು.

ಮಾರನೆಯ ದಿನ ಬೆಳಿಗ್ಗೆ ಹೋದಾಗ ಹಾಳೆಗಳನ್ನು ಫಾರ್ಮಲಿನ್ ನೀರಿನಲ್ಲಿ ತೊಳೆದು ದಾರಕ್ಕೆ ತೂಗುಹಾಕಿದ್ದರು. ಕಣ್ಣು ಉರಿಸುವ ಆ ವಾಸನೆಯ ನಡುವೆ, ಹೊರಗಿನ ಬೆಂಚಿನ ಮೇಲೆ ಸುಗಟೂರಿನ ರೈತರಾದ ಗೌಡರೊಬ್ಬರು ಬಟ್ಟೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಅವರಿಗೆ ಹದಿನೈದು ಹಾಳೆ, ಮುನ್ನೂರು ಮೊಟ್ಟೆ ಎಂದು ಚೀಟಿಯಾಗಿತ್ತು. ಅವರಿಗೆಂದು ಆರಿಸಿಟ್ಟ ಹಾಳೆಗಳಲ್ಲಿ ನನ್ನ ಕೊನೆಯ ಐದೂ ಇದ್ದವು. ಅಕ್ಕಯ್ಯ ಸಹಿ ಹಾಕಲು ಪೆನ್ನು ತೆಗೆದಿದ್ದರು. ಹೇಳಿದರೆ ಕೆಲಸ ಹುತ್ತೂರಿನವಳಿಗೆ ಹೋಗುತ್ತದೆಂದು ನನಗೆ ಸ್ಪಷ್ಟವಾಗಿ ಗೊತ್ತಿತ್ತು.

"ಅಕ್ಕಯ್ಯಾ, ನಿನ್ನೆ ಕೊನೆ ಐದು ಹಾಳೆ ನಾನು ನೋಡ್ಲಿಲ್ಲ."

"ನೋಡ್ಲಿಲ್ಲ ಅಂದ್ರೇನೇ? ಇಲ್ಲೇ ಕೂತಿದ್ದೆಯಲ್ಲ."

"ಕಣ್ಣಿಟ್ಟಿದ್ದೆ. ನೋಡ್ಲಿಲ್ಲ."

ಅವರು ಪೆನ್ನಿನ ಮುಚ್ಚಳ ಹಾಕಿದರು. ನಾನು ಡೈರಿ ಮುಂದಿಟ್ಟೆ. ಬೆರಳಿಟ್ಟು ಓದಿದರು.

"ನಲವತ್ತೆರಡು ಸೆಕೆಂಡಾ! ನಂಗೆ ಮೂಗು ಒರೆಸ್ಕೊಳ್ಳೋಕೇ ಅಷ್ಟು ಬೇಕು ಕಣೇ." ಆಮೇಲೆ ಪುಟವನ್ನು ಇನ್ನೊಮ್ಮೆ ಓದಿ ಹೇಳಿದರು: "ಹದಿನಾರರಿಂದ ಇಪ್ಪತ್ತು. ಯಾವುದು ಅಂತ ನಂಬರ್ ಸಮೇತ ಬರ್ದಿಟ್ಟಿದ್ದೀಯಲ್ಲ, ಅದೇ ಪುಣ್ಯ. ಇಲ್ದಿದ್ರೆ ಇಪ್ಪತ್ತೂ ಸುಡಬೇಕಾಗಿತ್ತು. ನಡಿ, ಗೌಡ್ರಿಗೆ ನೀನೇ ಹೇಳು."

ನಾನು ಹೇಳಿದೆ.

"ಏನಮ್ಮಾ, ಆಟ ಆಡ್ತಿದ್ದೀರಾ?" ಗೌಡರು ಎದ್ದು ನಿಂತರು. "ಮುನ್ನೂರು ಅಂತ ಹೇಳಿ ಈಗ ಇನ್ನೂರು ಅಂದ್ರೆ? ಸೊಪ್ಪು ಎದೆಮಟ್ಟ ನಿಂತೈತೆ ಅಲ್ಲಿ!"

ಗಲಾಟೆ ಕೇಳಿ ಮೇನೇಜರು ಬಂದರು. ವಿಷಯ ತಿಳಿದು ಅವರ ಮುಖ ಕಪ್ಪಿಟ್ಟಿತು. "ನಾಲ್ಕು ನೂರರಲ್ಲಿ ಮೂರಕ್ಕೋ ನಾಲ್ಕಕ್ಕೋ ರೋಗ ಸಿಗುತ್ತೆ. ಈ ಐದು ಹಾಳೇಲಿ ಒಂದಕ್ಕೂ ಇಲ್ದೇ ಇರಬಹುದು. ಸುಮ್ನೆ ಯಾಕೆ ಸುಡೋದು?"

"ಇಲ್ದೇ ಇರಬಹುದು ಸಾರ್, ನಿಜ," ಎಂದರು ಅಕ್ಕಯ್ಯ. ಕೋಪವಿಲ್ಲ, ಏರುದನಿಯಿಲ್ಲ. ತಿಂಡಿ ಆಯ್ತಾ ಎಂದು ಕೇಳುವ ಅದೇ ದನಿ. "ಆದ್ರೆ ನೋಡಿದೀವಿ ಅಂತ ಸಹಿ ಹಾಕ್ಬೇಕಲ್ಲ. ನಂಗಾಗಲ್ಲ. ನೀವು ಹಾಕ್ತೀರಾ?"

ಪೆನ್ನು ಅವರ ಕಡೆ ಹಿಡಿದರು. ಮೇನೇಜರು ಪೆನ್ನು ನೋಡಿದರು. ಗೌಡರು ಮೇನೇಜರನ್ನು ನೋಡಿದರು. ಎಷ್ಟು ಹೊತ್ತೋ... ಅದೊಂದರ ಲೆಕ್ಕ ನನ್ನ ಡೈರಿಯಲ್ಲಿ ಇಲ್ಲ.

ಕೊನೆಗೆ ಗೌಡರೇ ಚೀಲ ಬಿಡಿಸಿದರು. "ಬೇಡ ಬಿಡಿ ಸ್ವಾಮಿ. ಇನ್ನೂರೇ ಕೊಡಿ. ಮಿಕ್ಕಿದ ಸೊಪ್ಪು ಹಸ ತಿನ್ಕೊಳ್ಳುತ್ತೆ."

ಐದು ಹಾಳೆಗಳನ್ನೂ ಹಿಂದಿನ ಗುಂಡಿಯಲ್ಲಿ ನಾನೇ ಸುಟ್ಟೆ. ಕಾಗದ ಹೊತ್ತಿಕೊಂಡಾಗ ಮೊಟ್ಟೆಗಳು ಸಾಸಿವೆಯಂತೆ ಚಟಪಟ ಅಂದವು. ಅಕ್ಕಯ್ಯ ಪಂಪಿನ ಹತ್ತಿರ ಕರೆದುಕೊಂಡು ಹೋಗಿ ಮುಖಕ್ಕೆ ನೀರು ಹಾಕಿದರು. "ಪರ್ವಾಲೇದು, ಪರವಾಗಿಲ್ಲ, ಅಳ್ಬೇಡ. ಅತ್ತರೆ ಕಣ್ಣು ಊದುತ್ತೆ, ಆಮೇಲೆ ಮೈಕ್ರೋಸ್ಕೋಪಲ್ಲಿ ಏನೂ ಕಾಣಲ್ಲ." ಅಂದು ಡೈರಿಯಲ್ಲಿ ಹಿಂದಿನ ದಿನದ ೪೦೦ನ್ನು ಹೊಡೆದುಹಾಕಿ ಹೀಗೆ ಬರೆದೆ: ನೋಡಿದ್ದು ೩೦೦. ನೋಡದ್ದು ೧೦೦. ಅದರಲ್ಲಿ ರೋಗ ಎಷ್ಟು: ಗೊತ್ತಿಲ್ಲ. "ಗೊತ್ತಿಲ್ಲ" ಎಂಬ ಮಾತನ್ನು ನಾನು ಲೆಕ್ಕದಲ್ಲಿ ಬರೆದದ್ದು ಅದೇ ಮೊದಲು. ಬರೆದ ಮೇಲೆ ಹಸಿವಾಯಿತು. ಎಷ್ಟೋ ದಿನಗಳ ನಂತರ ಎರಡು ಮುದ್ದೆ ಉಂಡೆ.

ಆಗಸ್ಟ್ ೩೧ರಂದು ಹುತ್ತೂರಿನವಳನ್ನು ಉಳಿಸಿಕೊಂಡರು. ನನ್ನನ್ನು ಕಳುಹಿಸಿದರು. ಅದರಲ್ಲಿ ಅನ್ಯಾಯವೇನೂ ಇರಲಿಲ್ಲ. ಅವಳು ನೋಡಿದ್ದನ್ನಷ್ಟೇ ಎಣಿಸಿದ್ದಳು.

ಇಪ್ಪತ್ತಮೂರು ದಿನ ಮನೆಯಲ್ಲಿದ್ದೆ. ಸೆಪ್ಟೆಂಬರ್ ೨೩, ಭಾನುವಾರ, ಹನ್ನೊಂದು ಗಂಟೆಯ ಬಸ್ಸಿನಿಂದ ಅಕ್ಕಯ್ಯ ಇಳಿದು, ಮನೆ ಕೇಳಿಕೊಂಡು ಬಂದರು. ಅಮ್ಮ ಕೊಟ್ಟ ಮಜ್ಜಿಗೆ ಪೂರ್ತಿ ಕುಡಿದು ಲೋಟ ಕೆಳಗಿಟ್ಟ ಮೇಲೆಯೇ ಮಾತು.

"ಸುಗಟೂರು ಗೌಡ್ರು ಬಂದಿದ್ರು. ಹುಳ ಚೆನ್ನಾಗಿ ಹಣ್ಣಾಗಿ ಗೂಡು ಕಟ್ತಾ ಇವೆ ಅಂತೆ. ಮುಂದಿನ ಸಲಕ್ಕೆ ನಾನೂರು ಮೊಟ್ಟೆ ಬೇಕು ಅಂದ್ರು. ಆಮೇಲೆ ಏನಂದ್ರು ಗೊತ್ತಾ? 'ತಪ್ಪು ಒಪ್ಕೊಂಡಳಲ್ಲ ಆ ಹುಡುಗಿ, ಅವಳು ನೋಡಿದ ಹಾಳೇನೇ ಕೊಡಿ' ಅಂತ!"

"ಮೇನೇಜರ್ ಏನಂದ್ರು?"

"ಏನಂತಾರೆ? ಮಳೆ ಬಂದು ಸೊಪ್ಪು ಹೆಚ್ಚಾಗಿದೆ, ದಿನಾ ರೈತ್ರು ಬಂದು ಬಾಗಿಲಲ್ಲಿ ಕೂತ್ಕೋತಾರೆ. ಇನ್ನೊಬ್ಬರು ಬೇಕೇ ಬೇಕು. ನಾಳೆ ಒಂಬತ್ತಕ್ಕೆ ಬಾ. ಬೀಜ ನಿಮ್ಮ ಮನೆಯಿಂದಲೇ ತಂದ್ಕೋ, ನಂದು ಕೊಡಲ್ಲ."

ಮರುದಿನ ಒಂದು ಹಿಡಿ ಬೀಜ ಕಟ್ಟಿಕೊಂಡು ಹೋದೆ. ಸಾಯಂಕಾಲ ಎಣಿಸಿದರೆ ಮೂವತ್ತೊಂದು. ಅಕ್ಕಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಂಗೆ ಹಿಡಿ ಸಾಲದು, ಒಂದು ಮರಾನೇ ಬೇಕು!" ಡೈರಿಯ ಪ್ರಕಾರ ಆ ವರ್ಷ ಮುಗಿಯುವ ಹೊತ್ತಿಗೆ ನನ್ನ ಬೀಜ ಹನ್ನೆರಡಕ್ಕೆ ಇಳಿದಿತ್ತು, ಚಿಟ್ಟೆ ಇನ್ನೂರ ಎಪ್ಪತ್ತರ ಆಸುಪಾಸಿನಲ್ಲಿ ನಿಂತಿತ್ತು. ಹಲಗೆ ಗೋಡೆಯ ಮೇಲೆಯೇ ಇತ್ತು, ನಾನು ಅದರ ಕಡೆ ನೋಡುವುದು ಕಡಿಮೆಯಾಯಿತು. ಅಲ್ಲಿಂದ ಮುಂದಿನ ಮೂರು ವರ್ಷಗಳ ಬಗ್ಗೆ ಬರೆಯುವಂಥದ್ದು ಹೆಚ್ಚೇನೂ ಇಲ್ಲ. ಕೆಲಸ, ಮುಖಕ್ಕೆ ನೀರು, ಬೆಟ್ಟ, ಮತ್ತೆ ಕೆಲಸ. ಹುತ್ತೂರಿನವಳ ಅವರೆಕಾಳು ಸಾರು, ಅಕ್ಕಯ್ಯನ ಡಬ್ಬಿಯ ಗೋಂಗೂರ ಚಟ್ನಿ... ಸುಖವಾಗಿದ್ದೆವು.

೧೯೮೨ರ ನವೆಂಬರಿನಿಂದ ಅಕ್ಕಯ್ಯನ ಮುಚ್ಚಳದಲ್ಲಿ ಬೀಜ ಹೆಚ್ಚಾಗತೊಡಗಿತು. ಹದಿನಾಲ್ಕು. ಹತ್ತೊಂಬತ್ತು. ಈಗ ಅವರು ಕಾರಣ ಹೇಳಿ ನಗಿಸುತ್ತಿರಲಿಲ್ಲ, ಸಂಖ್ಯೆ ಮಾತ್ರ ಹೇಳುವರು. ಫೆಬ್ರವರಿಯಲ್ಲಿ ಒಂದು ದಿನ ಮೂವತ್ತಾರು ಬಂತು. ಎಣಿಸಿ ಮುಗಿಸಿ, ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡೇ ಮೇನೇಜರ ಕೋಣೆಗೆ ಹೋದರು. ಬಾಗಿಲು ತೆರೆದೇ ಇತ್ತು.

"ಇದು ಮನಸ್ಸು ಕಳ್ದೋಗಿದ್ದಲ್ಲ ಸಾರ್. ಮನಸ್ಸು ಇಲ್ಲೇ ಇದೆ. ಕಣ್ಣು ಬರ್ತಿಲ್ಲ. ಈ ತಿಂಗಳಿಗೆ ಸಾಕು."

"ಏನೂ ತೊಂದರೆ ಆಗಿಲ್ವಲ್ಲ ಅಕ್ಕಯ್ಯಾ. ಯಾರೂ ಕೇಳ್ತಿಲ್ಲ. ಇನ್ನೊಂದು ವರ್ಷ ಹೀಗೇ ನಡೀಲಿ," ಎಂದರು ಮೇನೇಜರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು.

"ಯಾರೂ ಕೇಳಲ್ಲ, ನಿಜ. ಬೀಜ ಇದೆಯಲ್ಲ, ಅದು ದಿನಾ ಕೇಳುತ್ತೆ."

ಅವರ ಸಂಬಳ ಬಿಟ್ಟರೆ ಅವರ ಮನೆಗೆ ಬೇರೆ ಆಧಾರವಿರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ೧೯೮೩ ಫೆಬ್ರವರಿ ೨೬, ಶನಿವಾರ, ಕೊನೆಯ ದಿನ. ಅಂದು ಅವರು ಮೈಕ್ರೋಸ್ಕೋಪಿಗೆ ಕೂರಲಿಲ್ಲ. ನಾವು ನೋಡಿದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿ ಕೊಟ್ಟರು. ಐದು ಗಂಟೆಗೆ ಈ ಮುಚ್ಚಳವನ್ನು ನನ್ನ ಮೇಜಿನ ಮೇಲಿಟ್ಟು, "ಡಬ್ಬಿ ನಂಗಿರಲಿ, ಊಟಕ್ಕೆ ಬೇಕು" ಎಂದು ನಕ್ಕು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಹೊಂಗೆ ಮರದ ಕೆಳಗೆ ಒಂದು ಗಳಿಗೆ ನಿಂತರು. ಆ ಕಣ್ಣಿಗೆ ಬೆಟ್ಟ ಎಷ್ಟು ಕಂಡಿತೋ...

ಆ ವರ್ಷ ಎರಡು ಕಾಗದ ಬರೆದೆ. ಮೊದಲನೆಯದಕ್ಕೆ ಉತ್ತರ ಬಂತು, ಯಾರೋ ಬರೆದುಕೊಟ್ಟದ್ದು, ಮಾತು ಮಾತ್ರ ಅವರದೇ: "ಬೀಜ ಎಷ್ಟು?" ಎರಡನೆಯದು ವಿಳಾಸದಾರರಿಲ್ಲವೆಂದು ವಾಪಸು ಬಂತು. ೧೯೮೪ರಲ್ಲಿ ಮುಳಬಾಗಿಲಿಗೆ ಹೋಗಿ ಆ ಬೀದಿಯಲ್ಲಿ ವಿಚಾರಿಸಿದೆ. ಮಗಳ ಜೊತೆ ಆಂಧ್ರದ ಕಡೆ ಹೋದರು ಎಂದರು ಒಬ್ಬರು. ಕಣ್ಣಿನ ಆಪರೇಷನ್ ಆಯಿತು ಎಂದರು ಇನ್ನೊಬ್ಬರು. ಮೂರನೆಯವರು ಹೇಳಿದ್ದನ್ನು ನಾನು ಡೈರಿಯಲ್ಲಿ ಬರೆಯಲಿಲ್ಲ. ನಂಬಲೂ ಇಲ್ಲ.

ಈಗ ಗ್ರೈನೇಜಿನಲ್ಲಿ ಸಹಿ ಹಾಕುವ ಪೆನ್ನು ನನ್ನ ಕೈಯಲ್ಲಿದೆ. ನಿನ್ನೆ ನಾನು ನೋಡಿದ್ದು ೨೬೮, ಬೀಜ ಒಂಬತ್ತು. ಈ ಒಂಬತ್ತರಲ್ಲಿ ಎರಡು ಸಲ ಹೋದದ್ದು ಅವರ ಹತ್ತಿರಕ್ಕೇ.

ಹಿತ್ತಲಲ್ಲಿ ಸದ್ದು ನಿಂತಿದೆ. ಗಂಟೆ ಒಂಬತ್ತು ಐದು. ಅಮ್ಮ ಬೀಜಗಳನ್ನೆಲ್ಲ ಗುಡಿಸಿ ರಾಶಿ ಮಾಡಿ, "ನಿಂಗೆ ಎಷ್ಟು ಬೇಕೇ?" ಎಂದು ಕೇಳುತ್ತಿದ್ದಾಳೆ. ಡೈರಿಯ ಕೊನೆಯ ಪುಟದಲ್ಲಿ ನಾನು ಬಲ್ಲವರ ಪಟ್ಟಿಯೊಂದಿದೆ, ಎದುರಿಗೆ ಈಗ ಎಲ್ಲಿದ್ದಾರೆ ಎಂಬ ಸಾಲು. ಅಕ್ಕಯ್ಯನ ಎದುರಿಗೆ ಮೂರು ವರ್ಷದಿಂದ "ಗೊತ್ತಿಲ್ಲ" ಎಂದಿದೆ. ಅವರು ಕಲಿಸಿದ ಹಾಗೆ, ನೋಡದ್ದನ್ನು ನೋಡಿದೆನೆಂದು ನಾನು ಬರೆಯಲಾರೆ. ಓದುವವರಲ್ಲಿ ಯಾರಾದರೂ, ಬಲಗಣ್ಣು ತುಸು ಕಿರಿದು ಮಾಡಿ ನಗುವ, ಮಾತಿಗೊಮ್ಮೆ ಪರ್ವಾಲೇದು ಎನ್ನುವ, ಮುಚ್ಚಳವಿಲ್ಲದ ಟಿಫಿನ್ ಡಬ್ಬಿಯೊಂದನ್ನು ಇನ್ನೂ ಇಟ್ಟುಕೊಂಡಿರುವ ಹೆಂಗಸನ್ನು ಕಂಡಿದ್ದರೆ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಸುದ್ದಿ ಯಾವುದಾದರೂ ಇರಲಿ. ನೀವು ಕಂಡಷ್ಟನ್ನು ಮಾತ್ರ ಬರೆಯಿರಿ, ಸಾಕು.